ಊರು ಎದ್ದು ನಿಂತಿತು, ಕೆಲಸಗಾರ? ಅಹಮದಾಬಾದ್, ವಡೋದರಾ, ಸೂರತ್ ನಮಗೆ ಹೇಳುವ ಮಾತು

(ವಿಡಿಯೋ ಪೂರ್ತಿ ನೋಡೋಕೆ ಸಮಯ ಇಲ್ಲದವರಿಗೆ, ಓದೋದೇ ಇಷ್ಟ ಅನ್ನೋರಿಗೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಿನ ಧಾಟಿ ಹಾಗೇ ಇಟ್ಟಿದ್ದೇವೆ.)



ಎರಡು ಮೂರು ತಿಂಗಳಿಂದ ಒಂದೇ ಥರದ ಪ್ರಶ್ನೆ ಬರ್ತಾ ಇದೆ. "ಸರ್, ಗಿಫ್ಟ್ ಸಿಟಿಯಲ್ಲಿ ಒಂದು ಆಫರ್ ಬಂದಿದೆ, ಹೋಗಬಹುದಾ?" "ಅಹಮದಾಬಾದ್‌ನಲ್ಲಿ ಬಾಡಿಗೆ ಕಡಿಮೆ ಅಂತಾರೆ, ನಿಜವಾ?" "ಬೆಂಗಳೂರಲ್ಲಿ ಲೇಆಫ್ ಆಯ್ತು, ಗುಜರಾತ್ ಕಡೆ ನೋಡ್ಲಾ?" ನಾನು ಅಹಮದಾಬಾದ್‌ನಲ್ಲಿ ಮೂರು ವರ್ಷ ಇದ್ದವನು. ಕ್ಲೈಂಟ್ ಕೆಲಸಕ್ಕೆ ವಡೋದರಾಕ್ಕೆ ತಿಂಗಳಿಗೆ ಎರಡು ಸಲ ಹೋಗ್ತಿದ್ದೆ, ಸೂರತ್‌ಗೆ ಆಗಾಗ. ಹಾಗಾಗಿ ಈ ಪ್ರಶ್ನೆಗಳಿಗೆ ಉತ್ತರ ಕೊಡೋಣ ಅಂತ ಕೂತೆ. ಕೂತಾಗ ಗೊತ್ತಾಯ್ತು, ಹೌದು ಇಲ್ಲ ಅಂತ ಒಂದು ಸಾಲಲ್ಲಿ ಮುಗಿಸೋ ವಿಷಯ ಇದಲ್ಲ.

ಮೊದಲೇ ಒಂದು ಮಾತು. ಗುಜರಾತ್ ಮಾಡೆಲ್ ಒಳ್ಳೇದಾ ಕೆಟ್ಟದ್ದಾ ಅನ್ನೋ ಜಗಳಕ್ಕೆ ನಾನು ಇವತ್ತು ಹೋಗಲ್ಲ. ಅದಕ್ಕೆ ಟಿವಿ ಇದೆ. ನನ್ನ ಪ್ರಶ್ನೆ ಚಿಕ್ಕದು. ಒಂದು ಊರಿನ ದೊಡ್ಡ ಉದ್ಯೋಗ ಮುಗ್ಗರಿಸಿದಾಗ ಅಲ್ಲಿ ದುಡಿಯೋನಿಗೆ ಏನಾಗುತ್ತೆ? ಊರಿಗೆ ಅಲ್ಲ, ದುಡಿಯೋನಿಗೆ. ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಈ ಮೂರು ಊರುಗಳಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ.

ಅಂಕಿಯಿಂದ ಶುರು ಮಾಡೋಣ. ಕೇಂದ್ರ ಸರ್ಕಾರ ಪಿಎಲ್‌ಎಫ್‌ಎಸ್ ಅಂತ ಒಂದು ಉದ್ಯೋಗ ಸಮೀಕ್ಷೆ ಮಾಡುತ್ತೆ. 2023-24ರಲ್ಲಿ ಇಡೀ ದೇಶದ ನಿರುದ್ಯೋಗ ಶೇ. 3.2. ಗುಜರಾತ್‌ನದ್ದು ಶೇ. 2ಕ್ಕಿಂತ ಕಡಿಮೆ. ಅಂದ್ರೆ ಕೆಲಸ ಇಲ್ಲದೆ ಕೂತಿರೋರು ಅಲ್ಲಿ ತುಂಬಾ ಕಮ್ಮಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ಇನ್ನೊಂದು ಅಂಕಿ. ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ರಾಜ್ಯವಾರು ಅಂಕಿಅಂಶಗಳ ಕೈಪಿಡಿ ತರುತ್ತೆ. ಅದರ ಪ್ರಕಾರ 2022-23ರಲ್ಲಿ ಹಳ್ಳಿಯ ಗಂಡು ಕೃಷಿ ಕೂಲಿಗೆ ದಿನಕ್ಕೆ ಸಿಗ್ತಿದ್ದದ್ದು ದೇಶದ ಸರಾಸರಿ ಸುಮಾರು 346 ರೂಪಾಯಿ. ಕೇರಳದಲ್ಲಿ 764ರ ಹತ್ತಿರ. ಗುಜರಾತ್‌ನಲ್ಲಿ ಸುಮಾರು 242.

ಎರಡನ್ನೂ ಪಕ್ಕಪಕ್ಕ ಇಡಿ. ಕೆಲಸ ಇದೆ, ಕೂಲಿ ಇಲ್ಲ. ಇದು ಹೇಗೆ? ಆ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಒಬ್ಬ ಮನುಷ್ಯ ಆ ವಾರ ಒಂದು ಗಂಟೆ ದುಡಿದಿದ್ರೂ ಸಾಕು, ಅವನಿಗೆ ಕೆಲಸ ಇದೆ ಅಂತಲೇ ಲೆಕ್ಕ. ಮನೆಯ ಅಂಗಡಿಯಲ್ಲಿ ಸಂಬಳ ಇಲ್ಲದೆ ಕೂತವನೂ ಕೆಲಸಗಾರನೇ. ವಾರದಲ್ಲಿ ಆರು ದಿನ ವಜ್ರ ಪಾಲಿಶ್ ಮಾಡ್ತಿದ್ದವನು ಈಗ ಮೂರೇ ದಿನ ಮಾಡ್ತಿದ್ರೆ ಅವನೂ ಕೆಲಸಗಾರನೇ. ಅವನ ಮನೆಯಲ್ಲಿ ಅರ್ಧ ಸಂಬಳ ಹೋಯ್ತು, ಸಮೀಕ್ಷೆಯಲ್ಲಿ ಏನೂ ಆಗಿಲ್ಲ. ಅದಕ್ಕೇ ಅಂಕಿಯನ್ನ ಅಲ್ಲಿಗೇ ಬಿಟ್ಟು ಊರಿಗೆ ಹೋಗೋಣ.

ಮೊದಲು ಅಹಮದಾಬಾದ್

ಅಹಮದಾಬಾದ್‌ನ ಮೊದಲ ಬಟ್ಟೆ ಮಿಲ್ಲು 1861ರಲ್ಲಿ ಶುರುವಾಯ್ತು. ಕಟ್ಟಿದವರು ರಣಛೋಡ್‌ಲಾಲ್ ಛೋಟಾಲಾಲ್. ಅಲ್ಲಿಂದ ಮುಂದೆ ಊರಿಗೆ ಊರೇ ಮಿಲ್ಲಾಯ್ತು, ಭಾರತದ ಮ್ಯಾಂಚೆಸ್ಟರ್ ಅಂತ ಹೆಸರಾಯ್ತು. ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತೀವಲ್ಲ, ಹಾಗೆ. ನಾನು ದಾವಣಗೆರೆಯವನು. ನಮ್ಮಪ್ಪ ಅಲ್ಲಿನ ಒಂದು ಹತ್ತಿ ಮಿಲ್ಲಲ್ಲಿ ಸ್ಪಿನ್ನಿಂಗ್ ವಿಭಾಗದಲ್ಲಿದ್ದರು. ಅವರ ಕಥೆ ಕೊನೆಗೆ ಹೇಳ್ತೀನಿ.

1918ರಲ್ಲಿ ಅಹಮದಾಬಾದ್‌ನಲ್ಲಿ ಒಂದು ದೊಡ್ಡ ಮುಷ್ಕರ ನಡೀತು. ಪ್ಲೇಗ್ ಬಂದಿತ್ತು ಅಂತ ಕೊಡ್ತಿದ್ದ ಬೋನಸ್ ನಿಲ್ಲಿಸಿದ್ರು, ಬೆಲೆ ಏರಿತ್ತು, ಕಾರ್ಮಿಕರು ಶೇ. 35 ಕೂಲಿ ಹೆಚ್ಚಿಸಿ ಅಂದ್ರು. ಮಾಲೀಕರ ಕಡೆ ಮುಂದೆ ನಿಂತವರು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಕಡೆ ಅವರದ್ದೇ ಅಕ್ಕ ಅನಸೂಯಾ ಸಾರಾಭಾಯಿ. ಗಾಂಧೀಜಿ ಉಪವಾಸ ಕೂತರು, ಕೊನೆಗೆ ಪಂಚಾಯ್ತಿಗೆ ಒಪ್ಪಿದ್ರು. 1920ರಲ್ಲಿ ಮಜೂರ್ ಮಹಾಜನ್ ಅನ್ನೋ ಸಂಘ ಹುಟ್ಟಿತು. ಆಮೇಲೆ ಆರು ದಶಕ, ಮಿಲ್ಲಿನ ಕಾಯಂ ಕೆಲಸ ಅಂದ್ರೆ ಒಂದು ಮರ್ಯಾದೆ. ಪಿಎಫ್, ಇಎಸ್‌ಐ, ಗ್ರಾಚ್ಯುಟಿ, ಹೆಣ್ಣು ಕೊಡೋರು ಮಿಲ್ಲಲ್ಲಿದ್ದಾನಾ ಅಂತ ಕೇಳೋರು. ಈಗ ಐಟಿಯಲ್ಲಿದ್ದಾನಾ ಅಂತ ಕೇಳ್ತಾರಲ್ಲ, ಅದೇ.

1980ರ ದಶಕದಿಂದ ಮಿಲ್ಲುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಪವರ್‌ಲೂಮ್ ಕಡಿಮೆ ರೇಟಿಗೆ ಬಟ್ಟೆ ಕೊಡ್ತಿತ್ತು, ಜನ ಪಾಲಿಯೆಸ್ಟರ್‌ಗೆ ಹೊರಳಿದ್ರು, ಎಷ್ಟೋ ಮಾಲೀಕರು ಹಳೇ ಯಂತ್ರ ಬದಲಿಸದೆ ದುಡ್ಡು ಬೇರೆ ಕಡೆ ಹಾಕಿದ್ರು. 90ರ ದಶಕ ಮುಗಿಯೋ ಹೊತ್ತಿಗೆ ಲಕ್ಷದಷ್ಟು ಜನರ ಕಾಯಂ ಕೆಲಸ ಹೋಗಿತ್ತು. ಗೋಮ್ತಿಪುರ, ಸರಸ್‌ಪುರ, ರಖಿಯಾಲ್, ಬಾಪುನಗರ, ಅಸರ್ವಾ – ಸಾಬರಮತಿಯ ಪೂರ್ವ ದಂಡೆಯ ಈ ಬಡಾವಣೆಗಳಲ್ಲಿ ಬೆಳಗಿನ ಸೈರನ್ ನಿಂತಿತು.

ಈಗ ಅದೇ ಅಹಮದಾಬಾದ್ ನೋಡಿ. ನದಿ ದಂಡೆಗೆ ರಿವರ್‌ಫ್ರಂಟ್ ಬಂತು, 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ನಗರ ಅಂತ ಹೆಸರು ಬಂತು, ಎಸ್.ಜಿ. ಹೈವೇ ಮೇಲೆ ಗಾಜಿನ ಕಟ್ಟಡಗಳು ಬಂದವು, ಮೆಟ್ರೋ ಬಂತು, ಔಷಧ ಕಂಪನಿಗಳು ಬೆಳೆದವು. ಊರು ಬಿದ್ದು ಎದ್ದಿತು ಅಂತ ಎಲ್ಲರೂ ಹೇಳ್ತಾರೆ. ಸುಳ್ಳಲ್ಲ.

ಆದ್ರೆ ಎದ್ದವರು ಯಾರು? ನೆದರ್‌ಲೆಂಡ್ಸ್‌ನ ಸಮಾಜ ವಿಜ್ಞಾನಿ ಯಾನ್ ಬ್ರೆಮನ್ ಗುಜರಾತ್‌ನ ಕಾರ್ಮಿಕರ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದವರು. ಅಹಮದಾಬಾದ್‌ನ ಮಿಲ್ ಕಾರ್ಮಿಕರ ಬಗ್ಗೆ 2004ರಲ್ಲಿ ಪುಸ್ತಕ ತಂದರು. ಅವರು ತೋರಿಸಿದ್ದು ಇಷ್ಟು: ಕೆಲಸ ಕಳಕೊಂಡವರಲ್ಲಿ ಹೆಚ್ಚಿನವರು ಹೊಸ ಉದ್ಯೋಗಕ್ಕೆ ಏರಲಿಲ್ಲ, ಕೆಳಕ್ಕೆ ಇಳಿದರು. ಆಟೋ, ತಳ್ಳುಗಾಡಿ, ವಾಚ್‌ಮನ್, ದಿನಗೂಲಿ. ಬೀಳೋದರಲ್ಲೂ ಎಲ್ಲರೂ ಒಂದೇ ಥರ ಬೀಳಲಿಲ್ಲ. ಊರಲ್ಲಿ ಜಮೀನು, ವ್ಯಾಪಾರದಲ್ಲಿ ಬಂಧುಗಳು ಇದ್ದವರು ಹೇಗೋ ಹಿಡಿದುಕೊಂಡರು. ಮಿಲ್ಲಿನ ಒಳಗೂ ಜಾತಿ ಇತ್ತು ನೋಡಿ. ಲಾಳಿಗೆ ಬಾಯಿಂದ ನೂಲು ಎಳೀಬೇಕಿತ್ತು ಅಂತ ದಲಿತರನ್ನ ನೇಯ್ಗೆ ಖಾತೆಗೆ ಸೇರಿಸ್ತಿರಲಿಲ್ಲ, ಅವರು ಸ್ಪಿನ್ನಿಂಗ್‌ನಲ್ಲೇ ಇರಬೇಕಿತ್ತು. ಮಿಲ್ಲು ಮುಚ್ಚಿದಾಗ ಹೆಚ್ಚು ಆಳಕ್ಕೆ ಬಿದ್ದವರು ದಲಿತರು ಮತ್ತು ಮುಸ್ಲಿಮರು.

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. 1986ರಲ್ಲಿ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಅಂತ ಒಂದು ಯೋಜನೆ ಬಂತು. ಮೊದಲ ವರ್ಷ ಸಂಬಳದ ಮುಕ್ಕಾಲು, ಎರಡನೇ ವರ್ಷ ಅರ್ಧ, ಮೂರನೇ ವರ್ಷ ಕಾಲು. ಆದ್ರೆ ಷರತ್ತು ಕೇಳಿ. ಮಿಲ್ಲು ಕಾನೂನು ಪ್ರಕಾರ ಶಾಶ್ವತವಾಗಿ ಮುಚ್ಚಿರಬೇಕು. ಕಾರ್ಮಿಕ ಐದು ವರ್ಷ ಸತತವಾಗಿ ಅಲ್ಲಿ ದುಡಿದಿರಬೇಕು. ಗೇಟಿಗೆ ಬೀಗ ಬಿದ್ದಿದ್ರೂ ಕಾಗದದಲ್ಲಿ 'ಮುಚ್ಚಿದೆ' ಅಂತ ಬರದಿದ್ರೆ? ವರ್ಷಾನುಗಟ್ಟಲೆ ಬದಲಿ ಕಾರ್ಮಿಕನಾಗೇ ಇದ್ದಿದ್ರೆ? ಬದಲಿ ಅಂದ್ರೆ ಕಾಯಂ ಕೆಲಸಗಾರ ಬರದ ದಿನ ಅವನ ಜಾಗಕ್ಕೆ ಹೋಗೋನು. ಬೆಳಿಗ್ಗೆ ಗೇಟ್ ಮುಂದೆ ನಿಂತು ಇವತ್ತು ಕೆಲಸ ಇದೆಯಾ ಅಂತ ಕಾಯೋನು. ನಮ್ಮ ಭಾಷೇಲಿ ಹೇಳೋದಾದ್ರೆ ಕಾಯಂ ಬೆಂಚು.

ನಾನು ಬಾಡಿಗೆಗಿದ್ದ ಮನೆ ಹತ್ತಿರ ಒಬ್ಬರು ವಯಸ್ಸಾದ ಆಟೋ ಚಾಲಕರಿದ್ದರು. ಕಾಕಾ ಅಂತ ಕರೀತಿದ್ದೆ. ಹನ್ನೊಂದು ವರ್ಷ ಬದಲಿಯಾಗಿ ಮಿಲ್ಲಲ್ಲಿ ದುಡಿದವರು. ಏನು ಸಿಕ್ತು ಕಾಕಾ ಅಂದ್ರೆ ನಕ್ಕರು. "ಮಿಲ್ಲಿನ ಪಾಸ್ ಇದೆ, ತೋರಿಸ್ಲಾ?" ಅಂದರು. ಮನೆ ನಡೆಸಿದ್ದು ಹೇಗೆ ಅಂದ್ರೆ ಹೆಂಡತಿ ಕಡೆ ಕೈ ತೋರಿಸಿದರು. ಆಕೆ ಮನೇಲೇ ಕೂತು ರೆಡಿಮೇಡ್ ಬಟ್ಟೆ ಹೊಲೀತಿದ್ದರು, ಪೀಸಿಗೆ ಇಷ್ಟು ಅಂತ.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಮಜೂರ್ ಮಹಾಜನ್‌ನ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ ಅವರು 1972ರಲ್ಲಿ ಸೇವಾ ಅನ್ನೋ ಸಂಘ ಕಟ್ಟಿದರು. ತಲೆ ಮೇಲೆ ಬಟ್ಟೆ ಮೂಟೆ ಹೊರೋರು, ತರಕಾರಿ ಮಾರೋರು, ಮನೇಲಿ ಹೊಲಿಯೋರು, ಬೀಡಿ ಕಟ್ಟೋರು. ನೋಂದಣಿಗೆ ಹೋದ್ರೆ ಅಧಿಕಾರಿಗಳ ಪ್ರಶ್ನೆ, ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಸಂಘ? ಇವರ ಉತ್ತರ, ಸಂಘ ಯಾರದ್ದೋ ವಿರುದ್ಧ ಇರಬೇಕಾಗಿಲ್ಲ, ನಾವು ಒಟ್ಟಿಗಿರೋದಕ್ಕೆ. 1974ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕ್ ಮಾಡಿಕೊಂಡರು. ಹತ್ತು ವರ್ಷ ಆದ್ಮೇಲೆ ಮಿಲ್ಲು ಮುಚ್ಚತೊಡಗಿದಾಗ ಎಷ್ಟೋ ಮನೆಗಳ ಒಲೆ ಉರಿದದ್ದು ಈ ಹೆಂಗಸರ ದುಡಿಮೆಯಿಂದ. ಕಾಯಂ ಕೆಲಸ ಇದ್ದ ಗಂಡಸರ ದೊಡ್ಡ ಸಂಘ ನೋಡ್ತಾ ನಿಂತಾಗ, ಕೆಲಸವೇ ಅಲ್ಲ ಅಂತ ಎಲ್ಲರೂ ಅಂದುಕೊಂಡಿದ್ದ ಕೆಲಸ ಮಾಡೋರ ಸಂಘ ಉಳಿದುಕೊಂಡಿತು.

ವಡೋದರಾ ಬೇರೆ ಥರ

ಅಹಮದಾಬಾದ್ ವ್ಯಾಪಾರಿಗಳ ಊರಾದ್ರೆ ವಡೋದರಾ ಸಂಸ್ಥಾನದ ಊರು. ಮೈಸೂರಿನವರಿಗೆ ಅಲ್ಲಿ ಹೋದ್ರೆ ಮನೆಗೆ ಬಂದ ಹಾಗೆ ಅನ್ನಿಸುತ್ತೆ. ಅರಮನೆ, ವಿಶ್ವವಿದ್ಯಾಲಯ, ದೊಡ್ಡ ಮರಗಳ ರಸ್ತೆ. ಮೂರನೇ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ 1907ರಲ್ಲಿ ಅಲೆಂಬಿಕ್ ಕಾರ್ಖಾನೆ ಬಂತು, 1908ರಲ್ಲಿ ಬ್ಯಾಂಕ್ ಆಫ್ ಬರೋಡ ಬಂತು. ಈ ಬ್ಯಾಂಕ್ ನಮಗೆ ದೂರದ್ದಲ್ಲ. 1931ರಲ್ಲಿ ಮಂಗಳೂರಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಸೇರಿಹೋಗಿದ್ದು ಇದರೊಳಗೇ. ಅವತ್ತು ಕರಾವಳಿಯಲ್ಲಿ ಎಷ್ಟು ಬೇಜಾರಾಯ್ತು ಅಂತ ನಿಮಗೆ ನೆನಪಿರಬಹುದು.

ಸ್ವಾತಂತ್ರ್ಯದ ನಂತರ ವಡೋದರಾಕ್ಕೆ ಸರ್ಕಾರಿ ಉದ್ಯಮಗಳು ಬಂದವು. ರಸಗೊಬ್ಬರದ ಜಿಎಸ್‌ಎಫ್‌ಸಿ, 1965ರಲ್ಲಿ ಕೊಯಲಿಯ ತೈಲ ಶುದ್ಧೀಕರಣ ಘಟಕ, 1969ರಲ್ಲಿ ಪೆಟ್ರೋಕೆಮಿಕಲ್ಸ್‌ನ ಐಪಿಸಿಎಲ್. ಟೌನ್‌ಶಿಪ್, ಶಾಲೆ, ಆಸ್ಪತ್ರೆ, ಬಸ್ಸು. ಬೆಂಗಳೂರಿನ ಎಚ್‌ಎಂಟಿ, ಐಟಿಐ ಕಾಲೋನಿಗಳಲ್ಲಿ ಬೆಳೆದವರಿಗೆ ಇದನ್ನ ವಿವರಿಸಬೇಕಾಗಿಲ್ಲ. 2002ರಲ್ಲಿ ಐಪಿಸಿಎಲ್‌ನ ಆಡಳಿತ ರಿಲಯನ್ಸ್‌ಗೆ ಹೋಯ್ತು, 2007ರಲ್ಲಿ ಕಂಪನಿಯೇ ವಿಲೀನ ಆಯ್ತು.

ಇಲ್ಲಿ ಮಿಲ್ಲಿನ ಥರ ಗೇಟಿಗೆ ಬೀಗ ಬೀಳಲಿಲ್ಲ. ಕಾರ್ಖಾನೆ ಓಡ್ತಾನೇ ಇದೆ. ಬದಲಾದದ್ದು ಕೆಲಸದ ಜಾತಿ. ನಾನು ಹೋಗ್ತಿದ್ದ ಒಂದು ಪ್ಲಾಂಟಿನಲ್ಲಿ ಗೇಟ್‌ಪಾಸ್ ಬಣ್ಣ ನೋಡಿದ್ರೆ ಗೊತ್ತಾಗ್ತಿತ್ತು. ಒಂದು ಬಣ್ಣ ಕಂಪನಿಯವರಿಗೆ, ಇನ್ನೊಂದು ಕಾಂಟ್ರಾಕ್ಟ್‌ನವರಿಗೆ. ಇಬ್ಬರೂ ಅದೇ ವಾಲ್ವ್ ತಿರುಗಿಸ್ತಾರೆ, ಕ್ಯಾಂಟೀನ್ ಬೇರೆ. ತಂದೆ ಕಾಯಂ ಆಪರೇಟರ್ ಆಗಿ ನಿವೃತ್ತರಾದ ಜಾಗದಲ್ಲೇ ಡಿಪ್ಲೊಮಾ ಮಾಡಿದ ಮಗ ಕಾಂಟ್ರಾಕ್ಟರ್ ಕೈಕೆಳಗೆ ಇದ್ದದ್ದನ್ನ ನಾನೇ ನೋಡಿದೀನಿ. ನಮ್ಮಲ್ಲಿ ಐಡಿ ಕಾರ್ಡ್ ದಾರದ ಬಣ್ಣ ಬೇರೆ ಇರುತ್ತಲ್ಲ, ಯಾವುದೋ ಸ್ಟಾಫಿಂಗ್ ಏಜೆನ್ಸಿ ಪೇರೋಲ್ ಮೇಲೆ ಕೂತು ದೊಡ್ಡ ಕಂಪನಿ ಕೆಲಸ ಮಾಡ್ತೀವಲ್ಲ, ಅದೇ ಇದು.

ಆದ್ರೂ ಮೂರು ಊರಲ್ಲಿ ನನಗೆ ಸ್ವಲ್ಪ ಧೈರ್ಯ ಕೊಟ್ಟ ಊರು ವಡೋದರಾ. ಅಲ್ಲಿ ಒಂದೇ ಉದ್ಯೋಗ ಇಲ್ಲ. ರಾಸಾಯನಿಕ ಇದೆ, ಔಷಧ ಇದೆ, ಟ್ರಾನ್ಸ್‌ಫಾರ್ಮರ್ ಮಾಡೋ ಕಂಪನಿಗಳಿವೆ, ಸಾವ್ಲಿಯಲ್ಲಿ ಮೆಟ್ರೋ ಬೋಗಿ ಮಾಡ್ತಾರೆ. 2024ರ ಅಕ್ಟೋಬರ್‌ನಲ್ಲಿ ಟಾಟಾ-ಏರ್‌ಬಸ್‌ನ ಸಿ-295 ಸಾಗಣೆ ವಿಮಾನದ ಜೋಡಣಾ ಘಟಕ ಉದ್ಘಾಟನೆ ಆಯ್ತು. ವಾಯುಪಡೆ ಕೊಳ್ಳೋ 56 ವಿಮಾನಗಳಲ್ಲಿ 40 ಅಲ್ಲಿ ತಯಾರಾಗಬೇಕು. ಒಬ್ಬ ಒಳ್ಳೇ ವೆಲ್ಡರ್‌ಗೆ, ಇನ್‌ಸ್ಟ್ರುಮೆಂಟೇಷನ್ ಬಲ್ಲವನಿಗೆ ಒಂದು ಗೇಟು ಮುಚ್ಚಿದ್ರೆ ಬಡಿಯೋಕೆ ಇನ್ನೊಂದು ಗೇಟಿದೆ.

ಸೂರತ್: ಹೊಳಪು ಜಾಸ್ತಿ, ಕಾಗದ ಕಮ್ಮಿ

ಚಿಕ್ಕಪೇಟೆಯಲ್ಲಿ ನಿಮ್ಮಮ್ಮ ಕೊಳ್ಳೋ ಸಿಂಥೆಟಿಕ್ ಸೀರೆ, ಹಬ್ಬಕ್ಕೆ ಕೆಲಸದವರಿಗೆ ಕೊಡೋ ಸೀರೆ, ಮದುವೆಯಲ್ಲಿ ಅರಿಶಿನ ಕುಂಕುಮದ ಜೊತೆ ಕೊಡೋ ಬ್ಲೌಸ್ ಪೀಸು, ಇವುಗಳಲ್ಲಿ ಹೆಚ್ಚಿನವು ಸೂರತ್ ಕಡೆಯವು. ಅವನ್ನ ನೇಯೋ ಪವರ್‌ಲೂಮ್‌ಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಇರೋರು ಒಡಿಶಾದ ಗಂಜಾಂ ಜಿಲ್ಲೆಯವರು. 12 ಗಂಟೆ ಶಿಫ್ಟು, ಮೀಟರ್ ಲೆಕ್ಕದಲ್ಲಿ ಕೂಲಿ. ಒಂದೇ ಕೋಣೆಯಲ್ಲಿ ಹಗಲು ಶಿಫ್ಟಿನವರು ಎದ್ದ ಜಾಗದಲ್ಲೇ ರಾತ್ರಿ ಶಿಫ್ಟಿನವರು ಬಂದು ಮಲಗ್ತಾರೆ. 2020ರ ಲಾಕ್‌ಡೌನ್‌ನಲ್ಲಿ ನಮ್ಮನ್ನ ಊರಿಗೆ ಕಳಿಸಿ ಅಂತ ಸೂರತ್‌ನ ಬೀದಿಗಿಳಿದವರಲ್ಲಿ ಇವರೇ ಮುಂದಿದ್ದದ್ದು.

ಇನ್ನೊಂದು ಸೂರತ್ ವಜ್ರದ್ದು. ಜಗತ್ತಿನಲ್ಲಿ ಪಾಲಿಶ್ ಆಗೋ ಹತ್ತು ವಜ್ರದಲ್ಲಿ ಸುಮಾರು ಒಂಬತ್ತು ಭಾರತದಲ್ಲಿ ಆಗ್ತವೆ, ಅದರಲ್ಲಿ ಬಹುಪಾಲು ಸೂರತ್‌ನಲ್ಲಿ. ಕೆಲಸ ಮಾಡೋರನ್ನ ಅಲ್ಲಿ ರತ್ನಕಲಾಕಾರ್ ಅಂತಾರೆ. ಎಷ್ಟು ಚೆಂದದ ಹೆಸರು! ಬಹಳಷ್ಟು ಜನ ಸೌರಾಷ್ಟ್ರದ ಅಮ್ರೇಲಿ, ಭಾವನಗರದಂಥ ಜಿಲ್ಲೆಗಳಿಂದ ಬಂದವರು. ಪಾಲಿಶ್ ಚಕ್ರದ ಮೇಜಿಗೆ ಘಂಟಿ ಅಂತಾರೆ, ಸುತ್ತ ಕೂತು ಕೆಲಸ. ಬಹುತೇಕರಿಗೆ ಕೂಲಿ ಕಲ್ಲಿನ ಲೆಕ್ಕದಲ್ಲಿ. 2023ರ ಡಿಸೆಂಬರ್ 17ಕ್ಕೆ ಅಲ್ಲಿ ಡೈಮಂಡ್ ಬೋರ್ಸ್ ಉದ್ಘಾಟನೆ ಆಯ್ತು. 4,000ಕ್ಕೂ ಹೆಚ್ಚು ಆಫೀಸುಗಳು, ಅಮೆರಿಕದ ಪೆಂಟಗನ್‌ಗಿಂತ ದೊಡ್ಡ ಕಟ್ಟಡ ಅಂತ ಪತ್ರಿಕೆಗಳಲ್ಲಿ ಬಂತು.

ಕಟ್ಟಡ ತೆರೆದ ಹೊತ್ತು ನೋಡಿ. ಭಾರತದಿಂದ ರಫ್ತಾಗೋ ಪಾಲಿಶ್ ವಜ್ರದ ಬೆಲೆ 2021-22ರಲ್ಲಿ ಸುಮಾರು 24 ಶತಕೋಟಿ ಡಾಲರ್ ಇದ್ದದ್ದು 2024-25ಕ್ಕೆ 13 ಶತಕೋಟಿ ಚಿಲ್ಲರೆಗೆ ಇಳಿಯಿತು. ಕಾರಣ ಒಂದಲ್ಲ. ಅಮೆರಿಕ, ಚೀನಾದಲ್ಲಿ ಕೊಳ್ಳೋರು ಕಮ್ಮಿಯಾದ್ರು. ಉಕ್ರೇನ್ ಯುದ್ಧದ ನಂತರ ರಷ್ಯಾದ ವಜ್ರಕ್ಕೆ ಜಿ-7 ದೇಶಗಳು 2024ರಿಂದ ನಿಷೇಧ ಹಾಕಿದವು. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಬಂತು, ನೋಡೋಕೆ ಅದೇ, ಬೆಲೆ ಎಷ್ಟೋ ಕಮ್ಮಿ. ಆ ಲ್ಯಾಬ್ ವಜ್ರವನ್ನೂ ಸೂರತ್‌ನಲ್ಲೇ ಮಾಡ್ತಾರೆ ಅನ್ನೋದು ಬೇರೆ ಮಾತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಶೇ. 50 ಸುಂಕ ಹೇರಿತು.

ಘಂಟಿ ಮುಂದೆ ಕೂತವನಿಗೆ ಇದ್ಯಾವುದರ ಮೇಲೂ ಹಿಡಿತ ಇಲ್ಲ. ಅವನಿಗೆ ಗೊತ್ತಾಗೋದು ಇವತ್ತು ಕಲ್ಲು ಬಂದಿಲ್ಲ ಅಂತ ಮಾತ್ರ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಅತಿ ದೊಡ್ಡ ಕಂಪನಿಗಳಲ್ಲೊಂದಾದ ಕಿರಣ್ ಜೆಮ್ಸ್ 50,000 ಜನರಿಗೆ ಹತ್ತು ದಿನ ರಜೆ ಘೋಷಿಸಿತು, ಮಾಲು ಜಾಸ್ತಿಯಾಗಿದೆ ಅಂತ. ಅಂಥ ದೊಡ್ಡವರದ್ದೇ ಹೀಗಾದ್ರೆ ಗಲ್ಲಿಯ ಸಣ್ಣ ಕಾರ್ಖಾನೆ ಕಥೆ ಊಹಿಸಿ. ಅದೇ ವರ್ಷ ಜುಲೈನಲ್ಲಿ ವಜ್ರ ಕಾರ್ಮಿಕರ ಸಂಘ ಒಂದು ಸಹಾಯವಾಣಿ ಶುರು ಮಾಡಬೇಕಾಯ್ತು. ಕೆಲಸ ಕೇಳೋಕಲ್ಲ, ಜೀವ ಕಳಕೊಳ್ಳೋ ಯೋಚನೆಯಲ್ಲಿರೋರನ್ನ ಉಳಿಸೋಕೆ. ಇದನ್ನ ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತೆ.

2025ರಲ್ಲಿ ಸರ್ಕಾರ ಪರಿಹಾರ ಘೋಷಿಸಿತು. ಕೆಲಸ ಕಳಕೊಂಡವರ ಮಕ್ಕಳಿಗೆ ವರ್ಷಕ್ಕೆ 13,500 ರೂಪಾಯಿವರೆಗೆ ಶಾಲಾ ಶುಲ್ಕ. ಒಳ್ಳೇದೇ. ಆದ್ರೆ ಕೆಲಸ ಕಳಕೊಂಡೆ ಅಂತ ತೋರಿಸಬೇಕಾದ್ರೆ ಮೊದಲು ಕೆಲಸ ಇತ್ತು ಅಂತ ತೋರಿಸಬೇಕಲ್ಲ? ಪೇಸ್ಲಿಪ್ ಇಲ್ಲ, ಪಿಎಫ್ ನಂಬರ್ ಇಲ್ಲ, ಪ್ರತಿ ಶನಿವಾರ ಕೈಗೆ ನಗದು ತಗೊಂಡವನು ಏನು ತೋರಿಸ್ತಾನೆ? ಅಹಮದಾಬಾದ್‌ನ ಬದಲಿ ಕಾರ್ಮಿಕನ ಕಥೆ ನಲವತ್ತು ವರ್ಷ ಆದ್ಮೇಲೆ ಸೂರತ್‌ನಲ್ಲಿ ಮತ್ತೆ ನಡೀತು. ಇಪ್ಪತ್ತು ವರ್ಷದ ಕೈಚಳಕ ಇದೆ, ಅದನ್ನ ಸಾಬೀತು ಮಾಡೋ ಒಂದು ಹಾಳೆ ಇಲ್ಲ.

ಹಾಗಾದ್ರೆ ಉಳಿದವರು ಹೇಗೆ ಉಳಿದರು?

ಇದಕ್ಕೆ ಒಂದು ಒಳ್ಳೇ ಉದಾಹರಣೆ ಅಹಮದಾಬಾದ್ ಹತ್ತಿರದ ಸಾನಂದ್. 2008ರಲ್ಲಿ ಸಿಂಗೂರಿನಿಂದ ನ್ಯಾನೋ ಕಾರ್ಖಾನೆ ಇಲ್ಲಿಗೆ ಬಂತು. ನ್ಯಾನೋ ನಿಂತುಹೋಯ್ತು, ಕಾರ್ಖಾನೆ ಬೇರೆ ಕಾರು ಮಾಡ್ತು. 2015ರಲ್ಲಿ ಫೋರ್ಡ್ ಬಂತು. 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂತ ಫೋರ್ಡ್ ಹೇಳಿತು. ಪಕ್ಕದಲ್ಲೇ ಟಾಟಾ ಇತ್ತು, ಅದಕ್ಕೆ ಜಾಗ ಬೇಕಿತ್ತು. ಸುಮಾರು 726 ಕೋಟಿಗೆ ಕಾರ್ಖಾನೆ ಕೊಂಡಿತು, 2023ರ ಜನವರಿಯಲ್ಲಿ ವ್ಯವಹಾರ ಮುಗೀತು. ಕಾರು ವಿಭಾಗದ ಅರ್ಹ ನೌಕರರನ್ನೆಲ್ಲ ತಗೋಬೇಕು ಅನ್ನೋದು ಒಪ್ಪಂದದಲ್ಲೇ ಇತ್ತು. ಅದೇ ಫೋರ್ಡ್‌ನ ಚೆನ್ನೈ ಕಾರ್ಖಾನೆಯವರಿಗೆ ಆಗ ಅಂಥ ಇನ್ನೊಬ್ಬ ಮಾಲೀಕ ಸಿಗಲಿಲ್ಲ, ಅವರು ಪರಿಹಾರದ ಮೊತ್ತಕ್ಕೆ ತಿಂಗಳುಗಟ್ಟಲೆ ಹೋರಾಡಿದರು. ಇಬ್ಬರ ಕೌಶಲ್ಯದಲ್ಲಿ ವ್ಯತ್ಯಾಸ ಇರಲಿಲ್ಲ.

ಸೂರತ್‌ನ ವಜ್ರದವನು, ಗೋಮ್ತಿಪುರದ ಬದಲಿ, ಸಾನಂದ್‌ನ ಫೋರ್ಡ್ ನೌಕರ, ಸೇವಾದ ಹೆಂಗಸು, ಈ ನಾಲ್ವರನ್ನ ಪಕ್ಕಪಕ್ಕ ನಿಲ್ಲಿಸಿ ನೋಡಿದ್ರೆ ನನಗೆ ಕಾಣೋದು ಮೂರು ವಿಷಯ.

ಒಂದು, ಕಾಗದ. ನೀನು ಯಾರ ಕೆಳಗೆ, ಯಾವತ್ತಿನಿಂದ, ಎಷ್ಟಕ್ಕೆ ದುಡಿದೆ ಅನ್ನೋ ದಾಖಲೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ ಮಾಡಿದಾರೆ. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅಂತಿದೆ. ಆ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಬೇರೆ ತಕರಾರುಗಳಿವೆ, ಅದು ಇನ್ನೊಂದು ದಿನದ ಮಾತು. ಈ ಎರಡು ಅಂಶ ಮಾತ್ರ ತಿಳ್ಕೊಂಡಿರಿ.

ಎರಡು, ನಿನ್ನ ಕೆಲಸ ಬೇಕು ಅನ್ನೋ ಇನ್ನೊಬ್ಬ ಮಾಲೀಕ, ಬಸ್ಸಲ್ಲಿ ಹೋಗಿ ಬರೋ ದೂರದಲ್ಲಿ. ಕೌಶಲ್ಯ ಕಲೀರಿ ಕಲೀರಿ ಅಂತ ಎಲ್ಲರೂ ನಮಗೆ ಹೇಳ್ತಾರೆ. ರತ್ನಕಲಾಕಾರನಿಗಿಂತ ದೊಡ್ಡ ಕೌಶಲ್ಯ ಯಾರಿಗಿದೆ? ಕೊಳ್ಳೋನು ಒಬ್ಬನೇ ಆದಾಗ ಕೌಶಲ್ಯವೇ ಕಟ್ಟಿಹಾಕುತ್ತೆ.

ಮೂರು, ಜೊತೆಗೆ ನಿಲ್ಲೋ ಜನ. ಸಂಘ ಅನ್ನಿ, ಸಹಕಾರಿ ಅನ್ನಿ. ನಾವು ಐಟಿಯವರು, ಸಂಘ ಎಲ್ಲ ನಮಗಲ್ಲ ಅಂತಿದ್ವಿ. 2024ರಲ್ಲಿ ಬೆಂಗಳೂರಲ್ಲಿ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾಪ ಬಂದಾಗ ಬೀದಿಯಲ್ಲಿ ನಿಂತು ಬೇಡ ಅಂದದ್ದು ಐಟಿ ನೌಕರರ ಸಂಘ ಕಿಟು. ನೀವು ಸೇರಿ ಬಿಡಿ, ಅಂಥದ್ದೊಂದು ಇದೆ ಅಂತ ಗೊತ್ತಿರಲಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಗಿಫ್ಟ್ ಸಿಟಿಗೆ ಹೋಗಬಹುದಾ? ಹೋಗಿ, ಯಾಕೆ ಹೋಗಬಾರದು? 2020ರಲ್ಲಿ ಅಲ್ಲಿಗೇ ಅಂತ ಪ್ರತ್ಯೇಕ ಹಣಕಾಸು ನಿಯಂತ್ರಣ ಪ್ರಾಧಿಕಾರ ಬಂದಿದೆ, 2024ರಿಂದ ಅಹಮದಾಬಾದ್ ಕಡೆಯಿಂದ ಮೆಟ್ರೋ ಹೋಗುತ್ತೆ. ಬ್ಯಾಂಕಿಂಗ್, ಫಿನ್‌ಟೆಕ್ ಕಡೆಯವರಿಗೆ ಒಳ್ಳೇ ಕೆಲಸ ಇದೆ. ಸಾನಂದ್‌ನಲ್ಲಿ ಮೈಕ್ರಾನ್, ಧೋಲೇರಾದಲ್ಲಿ ಟಾಟಾದ ಚಿಪ್ ಕಾರ್ಖಾನೆ ಬರ್ತಿದೆ, ಹಾರ್ಡ್‌ವೇರ್ ಕಡೆಯವರು ಗಮನ ಇಡಿ. ನಾನಿದ್ದಾಗ ಬಾಡಿಗೆ ಬೆಂಗಳೂರಿಗಿಂತ ಕಡಿಮೆಯೇ ಇತ್ತು, ಟ್ರಾಫಿಕ್ಕಂತೂ ಹೋಲಿಕೆಯೇ ಇಲ್ಲ. ಜನ ಒಳ್ಳೆಯವರು. ಸಾರಿಗೆ ಬೆಲ್ಲ ಹಾಕ್ತಾರೆ, ಉಡುಪಿ ಕಡೆಯವರಿಗೆ ಅದೂ ತೊಂದರೆ ಇಲ್ಲ.

ಆದ್ರೆ ಆಫರ್ ಲೆಟರ್ ಬಂದಾಗ ಸಿಟಿಸಿ ನೋಡೋ ಮುಂಚೆ ಮೂರು ಪ್ರಶ್ನೆ ಕೇಳಿ. ನಾನು ಯಾರ ಪೇರೋಲ್ ಮೇಲೆ? ಈ ಕೆಲಸ ಹೋದ್ರೆ ಇದೇ ಊರಲ್ಲಿ ನನ್ನನ್ನ ತಗೊಳ್ಳೋ ಇನ್ನು ನಾಲ್ಕು ಕಂಪನಿ ಇವೆಯಾ? ಅಂಥ ದಿನ ಬಂದ್ರೆ ನಾನು ಯಾರಿಗೆ ಫೋನ್ ಮಾಡ್ತೀನಿ? ಇವನ್ನ ಬೆಂಗಳೂರಿಗೂ ಕೇಳಿ, ಹೈದರಾಬಾದ್‌ಗೂ ಕೇಳಿ. 2025ರ ಜುಲೈನಲ್ಲಿ ಟಿಸಿಎಸ್‌ನಂಥ ಕಂಪನಿಯೇ 12,000ಕ್ಕೂ ಹೆಚ್ಚು ಜನರನ್ನ ಕಡಿಮೆ ಮಾಡ್ತೀವಿ ಅಂತ ಹೇಳ್ತು. ಐಟಿ ಅಂದ್ರೆ ಕಾಯಂ ಅನ್ನೋ ಕಾಲ, ಮಿಲ್ಲು ಅಂದ್ರೆ ಕಾಯಂ ಅನ್ನೋ ಕಾಲದ ಹಾಗೇ ಮುಗೀತಿದೆ.

ಅಪ್ಪನ ಕಥೆ ಹೇಳ್ತೀನಿ ಅಂದಿದ್ದೆ. ಅವರ ಮಿಲ್ಲು ನಿಂತಾಗ ನಾನು ಏಳನೇ ಕ್ಲಾಸು. ಅಪ್ಪ ಪಿ.ಜೆ. ಬಡಾವಣೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿದರು. ಬಾಕಿ ಹಣಕ್ಕೆ ಕೇಸು ನಡೀತಾನೇ ಇತ್ತು, ಕೊನೆಗೆ ಸಿಕ್ಕಾಗ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಆ ದುಡ್ಡಲ್ಲೇ ನನ್ನ ಫೀಸು ಕಟ್ಟಿದ್ದು. ಸಿಗೋದಕ್ಕೆ ಕಾರಣ ಅಟ್ಟದ ಮೇಲಿದ್ದ ಒಂದು ತಗಡಿನ ಟ್ರಂಕು. ಸೇರಿದ ದಿನದ ಪತ್ರದಿಂದ ಹಿಡಿದು ಒಂದೊಂದು ತಿಂಗಳ ಸಂಬಳದ ಚೀಟಿವರೆಗೆ ಅಪ್ಪ ಎತ್ತಿಟ್ಟಿದ್ದರು. ಅವರ ಪಕ್ಕದ ಮಷೀನಿನಲ್ಲೇ ಹದಿನಾಲ್ಕು ವರ್ಷ ನಿಂತಿದ್ದ ಗೆಳೆಯ ಬದಲಿಯಾಗಿದ್ದರು. ಅವರಿಗೆ ಏನೂ ಸಿಗಲಿಲ್ಲ. ಅವರ ಮಗ ನನ್ನ ಜೊತೆಗೇ ಓದ್ತಿದ್ದ, ನನಗಿಂತ ಜಾಣ. ಪಿಯುಸಿಗೆ ನಿಲ್ಲಿಸಿದ.

ಹೋದ ವರ್ಷ ನನ್ನ ಕೆಲಸ ಹೋಯ್ತು. 11 ಗಂಟೆಗೆ ಮೀಟಿಂಗ್, ಇಪ್ಪತ್ತು ನಿಮಿಷಕ್ಕೆ ಮುಗೀತು, ಲ್ಯಾಪ್‌ಟಾಪ್ ಲಾಕ್. ಪೇಸ್ಲಿಪ್ಪು, ಫಾರ್ಮ್ 16, ಅಪ್ರೈಸಲ್ ಪತ್ರ ಎಲ್ಲ ಕಂಪನಿ ಪೋರ್ಟಲ್ ಒಳಗೇ. ಅಪ್ಪನಿಗೆ ಫೋನ್ ಮಾಡಿದೆ. ಧೈರ್ಯ ಹೇಳ್ತಾರೆ ಅಂದ್ಕೊಂಡಿದ್ದೆ. ಅವರು ಮೊದಲು ಕೇಳಿದ್ದು, "ಕಾಗದ ಎಲ್ಲ ತಗೊಂಡಿದೀಯೇನೋ?"

ತಗೊಂಡಿರಲಿಲ್ಲ. ಅವನ್ನ ತರಿಸಿಕೊಳ್ಳೋಕೆ ಎರಡು ತಿಂಗಳು ಮೇಲ್ ಮಾಡಬೇಕಾಯ್ತು. ಅಪ್ಪ ಹತ್ತನೇ ಕ್ಲಾಸು ಓದಿದವರು, ನಾನು ಎಂಟೆಕ್.

ಹಾಗಾಗಿ ಇವತ್ತು ರಾತ್ರಿ ಊಟ ಆದ್ಮೇಲೆ ಒಂದು ಕೆಲಸ ಮಾಡಿ. ನಿಮ್ಮ ನೇಮಕಾತಿ ಪತ್ರ, ಇದುವರೆಗಿನ ಪೇಸ್ಲಿಪ್ಪುಗಳು, ಪಿಎಫ್ ಪಾಸ್‌ಬುಕ್ ಡೌನ್‌ಲೋಡ್ ಮಾಡಿ ನಿಮ್ಮ ಸ್ವಂತ ಜಾಗದಲ್ಲಿ ಇಟ್ಕೊಳ್ಳಿ. ಮನೆ ಕೆಲಸಕ್ಕೆ ಬರೋರಿಗೆ, ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರಿಗೆ ಇಂಥ ಒಂದು ಹಾಳೆಯಾದ್ರೂ ಇದೆಯಾ ಅಂತಲೂ ಒಂದು ಸಲ ಕೇಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.